ಕುತ್ತಿಗೆಯ ನರಹುಲಿಗೆ ಸುಣ್ಣ, ಸೋಡಾ ಹಚ್ಚಬಹುದಾ?

ತೀರ್ಥಹಳ್ಳಿಯಿಂದ:
ಅಮ್ಮನಿಗೆ 54 ವರ್ಷ. ಕುತ್ತಿಗೆ, ಕಂಕುಳಲ್ಲಿ ಏಳೆಂಟು ಮೆತ್ತನೆ ನರಹುಲಿ. ಸರ ಸಿಕ್ಕಿ ಒಂದು ಉರಿಯುತ್ತಿದೆ. ಬೆನ್ನ ಮೇಲೆ ಅಂಟಿಸಿದ ಹಾಗೆ ಕಂದು ಗಂಟೊಂದಿದೆ. ಸುಣ್ಣಕ್ಕೆ ವಾಷಿಂಗ್ ಸೋಡಾ ಕಲಸಿ ಹಚ್ಚಿ, ಇಲ್ಲಾ ಕೂದಲು ಕಟ್ಟಿ ಅಂತಾರೆ ಅಕ್ಕಪಕ್ಕದವರು. ಕ್ಯಾನ್ಸರಾ ಅಂತ ಅಮ್ಮನಿಗೆ ಹೆದರಿಕೆ.

ಮಲೆನಾಡ ಮದ್ದು:
ಸುಣ್ಣ, ಸೋಡಾ ಬೇಡವೇ ಬೇಡ. ಎರಡೂ ನೀರಲ್ಲಿ ಸೇರಿದರೆ ಕಾಸ್ಟಿಕ್ ಸೋಡಾ ಆಗುತ್ತೆ. ಅದು ನರಹುಲಿಗಷ್ಟೇ ನಿಲ್ಲದೆ ಸುತ್ತಲ ಚರ್ಮವನ್ನೂ ಆಳಕ್ಕೆ ಸುಟ್ಟು ಕಲೆ ಉಳಿಸುತ್ತೆ. ಗೇರುಸೊನೆಯೂ ಹಾಗೇ. ಕೂದಲು ಸರಿಯಾಗಿ ಬಿಗಿಯದಿದ್ದರೆ ಗಂಟು ಊದಿಕೊಂಡು, ಮಳೆಗಾಲದ ತೇವಕ್ಕೆ ಕೀವಾಗುತ್ತೆ.

ನಾವು ಎಲ್ಲಕ್ಕೂ ನರಹುಲಿ ಅನ್ನೋದರಿಂದಲೇ ಅರ್ಧ ಗೊಂದಲ. ವೈರಸ್‌ನಿಂದ ಬರೋ ನರಹುಲಿ ಒರಟು, ಒಳಗೆ ಕಪ್ಪು ಚುಕ್ಕೆ ಕಾಣಬಹುದು, ಮುಟ್ಟಿದರೆ ಹರಡುತ್ತೆ. ತೊಟ್ಟಿನಿಂದ ನೇತಾಡೋ, 1ರಿಂದ 5 ಮಿ.ಮೀ.ನ ಮೆತ್ತನೆಯದು ಸ್ಕಿನ್ ಟ್ಯಾಗ್. ಹರಡಲ್ಲ, ಅಪಾಯವೂ ಇಲ್ಲ. ಚರ್ಮಕ್ಕೆ ಚರ್ಮ ಉಜ್ಜೋ ಜಾಗದಲ್ಲೇ ಹೆಚ್ಚು. ಆದರೆ ಕುತ್ತಿಗೆ ಹಿಂಭಾಗ ದಪ್ಪಗಾಗಿ, ಮಖಮಲ್ಲಿನ ಹಾಗೆ ಕಪ್ಪಾಗಿದೆಯಾ ನೋಡಿ. ಆಗಿದ್ದರೆ ಸಕ್ಕರೆ ಕಾಯಿಲೆಯ ಸೂಚನೆ ಇರಬಹುದು, ಖಾಲಿ ಹೊಟ್ಟೆಯ ಶುಗರ್, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್) ಎರಡೂ ಮಾಡಿಸಿ. ಟ್ಯಾಗ್ ತೆಗೆಸೋದಕ್ಕಿಂತ ಇದು ಮುಖ್ಯ.

ಸಾಗರ ಕಡೆಯವರು:
ಬೆನ್ನಿನದು ಸೆಬೊರಿಕ್ ಕೆರಟೋಸಿಸ್ ಅನ್ನೋ ಚರ್ಮದ ಗಂಟಿರಬಹುದು. ಮೇಣ ಮೆತ್ತಿದ ಹಾಗಿರುತ್ತೆ, 50 ದಾಟಿದವರಲ್ಲಿ ಮಾಮೂಲು, ಕ್ಯಾನ್ಸರ್ ಅಲ್ಲ. ಆದರೂ ಕಣ್ಣಂದಾಜು ಸಾಲದು, ಚರ್ಮದ ಡಾಕ್ಟರ್ ಡರ್ಮೋಸ್ಕೋಪ್ (ಚರ್ಮವನ್ನ ದೊಡ್ಡದಾಗಿ ತೋರಿಸೋ ದೀಪದ ಮಸೂರ) ಹಿಡಿದು ನೋಡಲಿ. ಅಂಚು ಅಂಕುಡೊಂಕು, ಎರಡು ಮೂರು ಬಣ್ಣ, 6 ಮಿ.ಮೀ.ಗಿಂತ ದೊಡ್ಡದು, ತಿಂಗಳೊಪ್ಪತ್ತಿನಲ್ಲಿ ಬದಲಾಗಿದೆ, ತಾನಾಗೇ ರಕ್ತ ಒಸರುತ್ತೆ ಅಂದರೆ ತಡ ಮಾಡಬೇಡಿ. ಅಂಗೈ, ಅಂಗಾಲು, ಉಗುರಿನಡಿ ಹೊಸ ಕಪ್ಪು ಕಂಡರೂ ಅಷ್ಟೇ. ನಮ್ಮವರಲ್ಲಿ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಅಲ್ಲೂ ಬರುತ್ತೆ, ಯಾರೂ ಅಲ್ಲಿ ನೋಡೋದೇ ಇಲ್ಲ.

ಟ್ಯಾಗ್ ತೆಗೆಸೋದಾದರೆ ಮರಗಟ್ಟಿಸೋ ಕ್ರೀಮ್ ಹಚ್ಚಿ ಸುಮಾರು ಒಂದು ಗಂಟೆ ಬಿಟ್ಟು ಕಾಟರಿಯಲ್ಲಿ (ಕರೆಂಟಿನಿಂದ ಬಿಸಿ ಮಾಡೋ ಸಾಧನ) ಸುಡ್ತಾರೆ, ಕೆಲವು ನಿಮಿಷದ ಕೆಲಸ. ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ತೆಗೆದರೆ ನಮ್ಮ ಮೈಬಣ್ಣಕ್ಕೆ ಬಿಳಿ ಕಲೆ ಬೀಳಬಹುದು, ಕೇಳಿಕೊಳ್ಳಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ, ನೀವಾಗೇ ನಿಲ್ಲಿಸಬೇಡಿ. ಹಕ್ಕಳೆ ಕೀಳಬಾರದು.

ಸೊರಬದ ಕಾಡಂಚು:
ತೋಟ, ಕಾಡಿಗೆ ಹೋಗಿ ಬಂದ ಮೇಲೆ ಕಂಕುಳಲ್ಲಿ ದಿಢೀರ್ ಅಂತ ಹೊಸ ‘ನರಹುಲಿ’ ಕಂಡರೆ ಭೂತಗನ್ನಡಿಯಲ್ಲಿ ಕಾಲಿದೆಯಾ ನೋಡಿ. ಕಚ್ಚಿಕೊಂಡ ಉಣುಗು ಥೇಟ್ ಹಾಗೇ ಕಾಣುತ್ತೆ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ ನೇರ ಎಳೀರಿ. ಸೀಮೆಎಣ್ಣೆ, ಬೆಂಕಿ ಬೇಡ. 1957ರಲ್ಲಿ ಉಣುಗಿನಿಂದ ಹರಡೋ ಮಂಗನ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ಕ್ಯಾಸನೂರು ಕಾಡಿನಲ್ಲಿ. ಕಚ್ಚಿ 3ರಿಂದ 8 ದಿನದಲ್ಲಿ ಜ್ವರ ಬಂದರೆ ಆಸ್ಪತ್ರೆಯಲ್ಲಿ ಉಣುಗಿನ ವಿಷಯ ಮೊದಲು ಹೇಳಿ.