ವಾರ್ಷಿಕ ವರದಿಯಲ್ಲಿ ಹಾಜರಾತಿ ಬಿಟ್ಟು ಬೇರೇನು ಬರೆಯಬೇಕು?

ಹಾಸನದ ಕಾರ್ಯದರ್ಶಿ (ಪ್ರಶ್ನೆ)

ಎಲ್ಲರಿಗೂ ವಂದನೆ. ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ವಾರ್ಷಿಕ ವರದಿ ಬರೆಯುವ ಕೆಲಸ ಈ ಸಲ ನನ್ನ ಪಾಲಿಗೆ ಬಂದಿದೆ. ಹಳೆಯ ವರದಿಗಳೆಲ್ಲ ಒಂದೇ ಅಚ್ಚಿನವು: ಭಾನುವಾರದ ಸರಾಸರಿ ಹಾಜರಿ, ಒಟ್ಟು ಕುಟುಂಬ, ಕಾಣಿಕೆ ಮೊತ್ತ, ಯೂಟ್ಯೂಬ್‌ನಲ್ಲಿ ನೋಡಿದವರ ಸಂಖ್ಯೆ, ಕಟ್ಟಡ ನಿಧಿ. ಅಂಕಿ ಏರಿದರೆ ಸಮಿತಿಗೆ ಸಮಾಧಾನ, ಇಳಿದರೆ ಅಯ್ಯನವರನ್ನು (ಪಾದ್ರಿಯವರನ್ನು) ಕೇಳುತ್ತಾರೆ. ಈಗ ಇನ್ನೊಂದು ಆರಾಧನೆ ಶುರುಮಾಡಬೇಕು, ಎಲ್‌ಇಡಿ ಪರದೆ ಹಾಕಿಸಬೇಕು ಎಂಬ ಮಾತು ಎದ್ದಿದೆ. ಅದಕ್ಕೂ ಆಧಾರ ಇದೇ ಹಾಜರಾತಿ.

ನನ್ನ ಪ್ರಶ್ನೆ ಎರಡು. ಸಭೆ ತನ್ನ ಸೇವೆಯನ್ನು ನಿಜವಾಗಿ ಮಾಡುತ್ತಿದೆಯೇ ಎಂದು ತಿಳಿಯಲು ಏನನ್ನು ಎಣಿಸಬೇಕು? ಅದನ್ನು ಸಂಬಳದ ಗುಮಾಸ್ತರಿಲ್ಲದ ಸಭೆಯಲ್ಲಿ, ನೋಟ್‌ಬುಕ್ಕು ಮತ್ತು ಒಂದು ಎಕ್ಸೆಲ್ ಹಾಳೆ ಇಟ್ಟುಕೊಂಡು ಹೇಗೆ ನಡೆಸುವುದು?

---

ರಿಜಿಸ್ಟರ್ ಪುಸ್ತಕ (ಉತ್ತರ)

ಮೊದಲು ಈಗಿರುವ ಅಂಕಿಯನ್ನೇ ಸರಿಮಾಡಿಕೊಳ್ಳಿ. ಹೆಚ್ಚಿನ ಸಭೆಗಳ ಹಾಜರಾತಿ ನಾಲ್ಕು ಕಡೆ ಉಬ್ಬಿರುತ್ತದೆ.

ಭಾನುವಾರ ಶಾಲೆಯ ಮಕ್ಕಳು ಮೊದಲ ಹಾಡಿನವರೆಗೆ ದೇವಾಲಯದೊಳಗೆ ಕೂತು ಆಮೇಲೆ ತರಗತಿಗೆ ಏಳುತ್ತಾರೆ. ಒಳಗೆ ಎಣಿಸಿದವರೂ ಅವರನ್ನು ಬರೆದಿರುತ್ತಾರೆ, ತರಗತಿಯ ಟೀಚರೂ ಬರೆದಿರುತ್ತಾರೆ. ಎರಡು ಆರಾಧನೆ ಇರುವಲ್ಲಿ ಗಾಯಕವೃಂದ, ಕಾಣಿಕೆ ಎತ್ತುವವರು, ಸೌಂಡ್ ನೋಡಿಕೊಳ್ಳುವ ಹುಡುಗರು ಎರಡೂ ಲೆಕ್ಕಕ್ಕೆ ಸೇರುತ್ತಾರೆ. ಎಣಿಸುವ ಹೊತ್ತು ವಾರ ವಾರ ಬದಲಾದರೆ ಅಂಕಿಯೂ ಬದಲಾಗುತ್ತದೆ. ಪ್ರಸಂಗ (ಅಯ್ಯನವರ ಬೋಧನೆ) ಶುರುವಾದ ಐದು ನಿಮಿಷಕ್ಕೆ, ಒಬ್ಬರೇ, ಹಿಂದಿನ ಬಾಗಿಲ ಬಳಿ ನಿಂತು ಎಣಿಸಬೇಕು. ಇನ್ನು ಆನ್‌ಲೈನ್: ಫೇಸ್‌ಬುಕ್ ಮೂರು ಸೆಕೆಂಡ್ ಓಡಿದ ವಿಡಿಯೋವನ್ನೂ ನೋಡಿದ ಲೆಕ್ಕಕ್ಕೆ ಸೇರಿಸುತ್ತದೆ. ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಸರಾಸರಿ ಎಷ್ಟು ನಿಮಿಷ ನೋಡಿದರು ಎಂಬುದು ಸಿಗುತ್ತದೆ. ಒಂದೂವರೆ ಗಂಟೆಯ ಆರಾಧನೆಯನ್ನು ಆರು ನಿಮಿಷ ನೋಡಿದ್ದರೆ ಅದನ್ನು ಹಾಜರಿ ಎನ್ನಲಾಗದು. ಅದನ್ನು ಭಾನುವಾರದ ಅಂಕಿಗೆ ಕೂಡಿಸಲೇಬೇಡಿ.

ಸರಾಸರಿಯೂ ಮೋಸ ಮಾಡುತ್ತದೆ. ಉದಾಹರಣೆಗೆ ಡಿಸೆಂಬರ್‌ನ ಮೂರು ಭಾನುವಾರ 150, 155, 148 ಮಂದಿ, ಕ್ರಿಸ್ಮಸ್ ಆರಾಧನೆಗೆ 410 ಮಂದಿ ಬಂದರು ಎನ್ನಿ. ಸರಾಸರಿ 216 ಬರುತ್ತದೆ. ಆದರೆ 216 ಜನ ಆ ದೇವಾಲಯದಲ್ಲಿ ಯಾವತ್ತೂ ಕೂತಿಲ್ಲ! ಮಧ್ಯಾಂಕ (ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟಾಗ ನಡುವೆ ಬೀಳುವುದು) ತೆಗೆದರೆ ಸುಮಾರು 152. ವರದಿಗೆ ಮಧ್ಯಾಂಕ ಹಾಕಿ, ಕ್ರಿಸ್ಮಸ್, ಈಸ್ಟರ್, ಬೆಳೆ ಹಬ್ಬ, ಹೊಸ ವರ್ಷದ ರಾತ್ರಿ ಆರಾಧನೆಗಳನ್ನು ಬೇರೆ ಸಾಲಿನಲ್ಲಿ ತೋರಿಸಿ. ಎರಡನೇ ಆರಾಧನೆ ಬೇಕೋ ಬೇಡವೋ ಎಂಬ ಚರ್ಚೆ ಅರ್ಧಕ್ಕರ್ಧ ಅಲ್ಲೇ ಮುಗಿಯುತ್ತದೆ.

ಇಷ್ಟಾದ ಮೇಲೆ ಬೆಳವಣಿಗೆಯನ್ನು ಒಡೆದು ನೋಡಿ. ಒಂದು ವರ್ಷದಲ್ಲಿ 46 ಹೆಸರು ಸೇರಿವೆ ಎಂದುಕೊಳ್ಳಿ. ದೀಕ್ಷಾಸ್ನಾನದ ರಿಜಿಸ್ಟರ್ ತೆರೆದರೆ 14 ಸದಸ್ಯರ ಮನೆಯ ಕೂಸುಗಳು. ವರ್ಗಾವಣೆ ಪತ್ರಗಳ ಫೈಲ್ ತೆರೆದರೆ 27 ಬೇರೆ ಸಭೆಗಳಿಂದ ಬಂದವರು. ಉಳಿದದ್ದು 5: ದೂರವಾಗಿದ್ದು ಮರಳಿದವರು, ಹೊಸದಾಗಿ ನಂಬಿಕೆಗೆ ಬಂದವರು. 46 ಎಂದು ಬರೆದ ಕಡೆ ಈ ಮೂರನ್ನೂ ಬೇರೆ ಬೇರೆ ಬರೆಯಿರಿ. ಕೆಳಗೆ ಕಳೆದುಹೋದವರ ಸಾಲು ಇರಲಿ: ತೀರಿಕೊಂಡವರು, ಪತ್ರ ಪಡೆದು ಹೋದವರು, ಪತ್ರವನ್ನೂ ಕೇಳದೆ ನಿಂತುಹೋದವರು. ಈ ಮೂರನೆಯ ಗುಂಪಿಗೆ ಸಾಮಾನ್ಯವಾಗಿ ಯಾವ ರಿಜಿಸ್ಟರೂ ಇರುವುದಿಲ್ಲ. ನೀವು ಮೊದಲು ತೆರೆಯಬೇಕಾದ ಪುಸ್ತಕ ಅದೇ.

---

ವೆಸ್ಲಿ ಮನೆ

ಮೇಲಿನವರ ಕೊನೆಯ ಮಾತಿನಿಂದಲೇ ಹಿಡಿಯುತ್ತೇನೆ. ಬೈಬಲಿನ ಲೂಕ 15ರಲ್ಲಿ ಬರುವ ನೂರು ಕುರಿಗಳ ಕುರುಬನೂ ಎಣಿಸಿದವನೇ. ಎಣಿಸದಿದ್ದರೆ ಒಂದು ಕುರಿ ಕಾಣೆಯಾದದ್ದು ಗೊತ್ತಾಗುತ್ತಿರಲಿಲ್ಲ. ಆದರೆ 99 ಇವೆಯಲ್ಲ ಎಂದು ಅವನು ಸುಮ್ಮನೆ ಕೂರಲಿಲ್ಲ. ನಮ್ಮ ಹಾಜರಿ ಪುಸ್ತಕ ಬಂದವರನ್ನು ಬರೆಯುತ್ತದೆ. ಬಾರದವರ ಹೆಸರು ಬರೆಯುವ ಪುಸ್ತಕ ಬೇಕು.

ಇದಕ್ಕೆ ಹಳೆಯ ಮಾದರಿಯೊಂದು ಇದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಮೆಥಡಿಸ್ಟರು (ಬೋಧಕ ಜಾನ್ ವೆಸ್ಲಿಯ ಅನುಯಾಯಿಗಳು) ಪ್ರಾರ್ಥನಾ ಮಂದಿರದ ಸಾಲ ತೀರಿಸಲು ವಾರಕ್ಕೆ ತಲೆಗೊಂದು ಪೆನ್ನಿ ಎತ್ತುವ ಏರ್ಪಾಡು ಮಾಡಿಕೊಂಡರು. ಒಬ್ಬ ನಾಯಕನಿಗೆ ಹನ್ನೊಂದು ಮಂದಿ. ಕೊಡಲಾಗದ ಬಡವರ ಪೆನ್ನಿಯನ್ನು ನಾಯಕನೇ ಹಾಕಬೇಕು. ಮನೆಮನೆಗೆ ಹೋದಾಗ ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದು ಕಣ್ಣಿಗೆ ಬಿತ್ತು. ಜಾನ್ ವೆಸ್ಲಿ ಅದನ್ನೇ ಹಿಡಿದು ಸುಮಾರು ಹನ್ನೆರಡು ಜನರ 'ಕ್ಲಾಸ್' ಪದ್ಧತಿ ಮಾಡಿದರು. ಸಾಲದ ಲೆಕ್ಕಕ್ಕೆ ಹುಟ್ಟಿದ ಏರ್ಪಾಡು ಆತ್ಮಗಳ ಆರೈಕೆಯ ಏರ್ಪಾಡಾಯಿತು. ಮೂರು ತಿಂಗಳಿಗೊಮ್ಮೆ ಸದಸ್ಯತ್ವದ ಟಿಕೆಟ್ ಕೊಡುತ್ತಿದ್ದರು, ನಡತೆ ಕೆಟ್ಟವರಿಗೆ ಟಿಕೆಟ್ ಇಲ್ಲ. 1743ರಲ್ಲಿ ನ್ಯೂಕಾಸಲ್‌ನಲ್ಲಿ ವೆಸ್ಲಿ 64 ಜನರನ್ನು ಪಟ್ಟಿಯಿಂದ ತೆಗೆದು, ಕಾರಣವನ್ನೂ ಬರೆದಿಟ್ಟರು: ಕುಡಿತಕ್ಕೆ 17, ಹೆಂಡತಿಯನ್ನು ಹೊಡೆದದ್ದಕ್ಕೆ 1, ಜಗಳಕ್ಕೆ 3, ಅಸಡ್ಡೆಗೆ 29, ಹೀಗೆ. ಅಷ್ಟು ಕಠಿಣವಾಗಿ ಈಗ ಮಾಡಿ ಎನ್ನುತ್ತಿಲ್ಲ. ಒಬ್ಬೊಬ್ಬರ ಬದುಕು ಗೊತ್ತಿಲ್ಲದೆ ಆ ಪಟ್ಟಿ ಬರೆಯಲು ಸಾಧ್ಯವಿರಲಿಲ್ಲ ಎಂಬುದನ್ನು ಗಮನಿಸಿ.

ನಿಮ್ಮ ಸಭೆಗೆ ಇದನ್ನು ಇಳಿಸುವುದು ಹೀಗೆ. 120 ಕುಟುಂಬ ಇದ್ದರೆ ಹತ್ತು ಜನ ಭೇಟಿಗಾರರು, ಒಬ್ಬರಿಗೆ 12 ಮನೆ, ಅದೂ ನಡೆದು ಹೋಗುವಷ್ಟು ಹತ್ತಿರದವು. ಮನೆಗೊಂದು ಕಾರ್ಡು: ಹೆಸರುಗಳು, ವಯಸ್ಸು, ಕಾಯಿಲೆ ಇದ್ದವರು, ಓದುವ ಮಕ್ಕಳು, ಕೊನೆಯ ಭೇಟಿಯ ದಿನಾಂಕ. ಭಾನುವಾರ ಸಂಜೆ ಭೇಟಿಗಾರರು ತಮ್ಮ 12 ಮನೆಗಳಲ್ಲಿ ಬಾರದವರಿಗೆ ಗುರುತು ಹಾಕುತ್ತಾರೆ. ಎರಡು ವಾರ ಸತತವಾಗಿ ಕಾಣದಿದ್ದರೆ ಫೋನು. ಮೂರನೇ ವಾರವೂ ಇಲ್ಲವಾದರೆ ಆ ಶುಕ್ರವಾರದೊಳಗೆ ಮನೆಗೆ ಭೇಟಿ. ನಾಲ್ಕನೆಯದಕ್ಕೆ ಅಯ್ಯನವರಿಗೆ ತಿಳಿಸುವುದು.

ಕೆಡುವುದು ಎಲ್ಲಿ ಗೊತ್ತೇ? ಭೇಟಿಗೆ ಹೋಗುವವರ ಕೈಯಲ್ಲಿ ಚಂದಾ ರಸೀದಿ ಪುಸ್ತಕ ಇದ್ದಾಗ. ಮಾಸಿಕ ಕಾಣಿಕೆ ಆರು ತಿಂಗಳು ಬಾಕಿ ಇರುವ ಮನೆಯವರು ಮುಜುಗರದಿಂದಲೇ ಆರಾಧನೆಗೆ ಬರುವುದನ್ನು ನಿಲ್ಲಿಸಿರುತ್ತಾರೆ. ಅದೇ ಪುಸ್ತಕ ಮತ್ತೆ ಬಾಗಿಲಿಗೆ ಬಂದರೆ ಒಳಗಿದ್ದೂ ಇಲ್ಲ ಎನ್ನಿಸುತ್ತಾರೆ. ರಸೀದಿ ಪುಸ್ತಕ ಖಜಾಂಚಿಯ ಹತ್ತಿರವೇ ಇರಲಿ, ಭೇಟಿಗಾರರು ಬರಿಗೈಯಲ್ಲಿ ಹೋಗಲಿ.

---

ಬಲ್ಮಠದ ಓದುಗ

ಈ ಸಂಖ್ಯೆಯ ಹಂಬಲ ಎಲ್ಲಿಂದ ಬಂತು ಎಂದು ತಿಳಿದರೆ ಸಮಿತಿಯಲ್ಲಿ ಮಾತಾಡುವುದು ಸುಲಭ. ಅದರ ಬೇರು ನಮ್ಮ ದೇಶದಲ್ಲೇ ಇದೆ. ಡೊನಾಲ್ಡ್ ಮೆಕ್‌ಗವ್ರನ್ ಹುಟ್ಟಿದ್ದು 1897ರಲ್ಲಿ, ಮಧ್ಯಭಾರತದ ದಮೋಹದಲ್ಲಿ. ಮಿಷನರಿಯಾಗಿ ದುಡಿದದ್ದೂ ಆ ಕಡೆಯೇ. ಶಾಲೆ, ಆಸ್ಪತ್ರೆ, ಬಂಗಲೆ ಎಲ್ಲ ಇದ್ದರೂ ಸುತ್ತಲಿನ ಸಭೆ ಏಕೆ ಬೆಳೆಯುತ್ತಿಲ್ಲ ಎಂದು ಅವರು ಕೇಳಿದರು. ಅದು ಪ್ರಾಮಾಣಿಕ ಪ್ರಶ್ನೆ. 1965ರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್ ಸೆಮಿನರಿಯಲ್ಲಿ (ದೇವಶಾಸ್ತ್ರದ ಕಾಲೇಜು) ಅದು ಒಂದು ಅಧ್ಯಯನ ವಿಭಾಗವೇ ಆಯಿತು. ಮುಂದೆ ಅಮೆರಿಕದ ಉಪನಗರಗಳ ಸಭೆಗಳು ಅದನ್ನು ಕಾರು ನಿಲ್ಲಿಸುವ ಜಾಗ, ಕುರ್ಚಿ, ಕಾರ್ಯಕ್ರಮಗಳ ಲೆಕ್ಕಕ್ಕೆ ಇಳಿಸಿದವು.

ಆ ದಾರಿಯಲ್ಲಿ ಬಹಳ ದೂರ ಹೋದದ್ದು ಶಿಕಾಗೋ ಹತ್ತಿರದ ವಿಲ್ಲೋ ಕ್ರೀಕ್ ಸಭೆ. 1975ರಲ್ಲಿ ಶುರುವಾಗಿ ವಾರಕ್ಕೆ ಸಾವಿರಾರು ಜನ ಸೇರುವ ಸಭೆಯಾಯಿತು. 2007ರಲ್ಲಿ ತನ್ನದೇ ಜನರ ಸಮೀಕ್ಷೆಯ ಫಲವನ್ನು ಅದೇ ಹೊರಗಿಟ್ಟಿತು: ಹೆಚ್ಚು ಕಾರ್ಯಕ್ರಮಗಳಲ್ಲಿ ಪಾಲ್ಗೊಂಡ ಮಾತ್ರಕ್ಕೆ ದೇವರ ಮೇಲಿನ, ನೆರೆಯವರ ಮೇಲಿನ ಪ್ರೀತಿ ಹೆಚ್ಚುತ್ತಿಲ್ಲ, ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರು ತಮ್ಮ ನಂಬಿಕೆ ನಿಂತಲ್ಲೇ ನಿಂತಿದೆ ಅಥವಾ ಸಭೆಯಿಂದ ತೃಪ್ತಿಯಿಲ್ಲ ಎಂದರು. ಹಾಜರಿಯಲ್ಲಿ ಯಾವ ಕೊರತೆಯೂ ಇರದ ಸಭೆ ಅದು ಎಂಬುದನ್ನು ನೆನಪಿಡಿ.

ನಮ್ಮ ನಾಡಿನ ಇನ್ನೊಂದು ಲೆಕ್ಕ ನೋಡಿ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಸಭೆಗೆ ಸೇರಿದವರಿಗೆ ಮನೆ, ಕಸುಬು ಎರಡೂ ತಪ್ಪಿದಾಗ ನೇಯ್ಗೆ ಶುರುವಾಯಿತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು. ಕೆಲಸದ ಆಸೆಗೆ ಬರುವವರೂ ಇರುತ್ತಾರೆ ಎಂಬ ತಕರಾರು ಇತ್ತು, ಅದರಲ್ಲಿ ಹುರುಳೂ ಇತ್ತು. ಆದರೂ ಬೀದಿಗೆ ಬಿದ್ದವರನ್ನು ಬಿಡಲಿಲ್ಲ. ಅದೇ ಮಿಷನ್ನಿನಿಂದ 1853ರಲ್ಲಿ ಬಂದ ಕಿಟೆಲ್ ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ, ಸುಮಾರು 70,000 ಪದಗಳೊಂದಿಗೆ. ನಾಲ್ಕು ದಶಕ! ವರ್ಷ ವರ್ಷದ ದೀಕ್ಷಾಸ್ನಾನದ ಅಂಕಣದಲ್ಲಿ ಆ ಕೆಲಸಕ್ಕೆ ಜಾಗವೇ ಇಲ್ಲ. ಇಂದು ಕನ್ನಡಿಗರು ಜಾತಿ ಮತ ನೋಡದೆ ಅದನ್ನು ತೆರೆಯುತ್ತಾರೆ. ಹಾಗಾಗಿ ನಿಮ್ಮ ವರದಿಯಲ್ಲಿ 'ಇನ್ನೂ ಫಲ ಕಾಣದ ಕೆಲಸಗಳು' ಎಂಬ ಭಾಗ ಒಂದಿರಲಿ.

---

ಗಡಿ ಹಳ್ಳಿ ಸಭೆ

ಒಂದು ಎಚ್ಚರಿಕೆ. ಚಿಕ್ಕದಾಗಿರುವುದೇ ಭಕ್ತಿಯ ಗುರುತಲ್ಲ. ಬೈಬಲಿನ ಗಿದ್ಯೋನನ ಸೈನ್ಯ 32,000ದಿಂದ 300ಕ್ಕೆ ಇಳಿಯಿತು ಎಂದು ಹೇಳಿಕೊಂಡು ಕೂತರೆ ಸೋಮಾರಿತನಕ್ಕೂ ವಚನ ಸಿಕ್ಕಂತಾಗುತ್ತದೆ. ಅಪೊಸ್ತಲರ ಕೃತ್ಯಗಳು 2ರಲ್ಲಿ ಒಂದೇ ದಿನ ಸೇರಿದವರು ಸುಮಾರು 3,000 ಎಂದು ಲೆಕ್ಕ ಬರೆದೇ ಇದ್ದಾರೆ.

ಹಳ್ಳಿ ಸಭೆಗಳ ಹಾಜರಿ ಇಳಿಯಲು ಮುಖ್ಯ ಕಾರಣ ಗುಳೆ. ಹುಡುಗರು ಬೆಂಗಳೂರಿನ ಗಾರ್ಮೆಂಟ್ಸಿಗೆ, ಕಟ್ಟಡ ಕೆಲಸಕ್ಕೆ, ನರ್ಸಿಂಗ್ ಓದಿಗೆ ಹೋಗುತ್ತಾರೆ. ನಗರದ ಸಭೆ ಅವರನ್ನು 'ಬೆಳವಣಿಗೆ' ಎಂದು ಬರೆದುಕೊಂಡರೆ, ಹಳ್ಳಿಯ ವರದಿಯಲ್ಲಿ ಅದೇ ಜನ ನಷ್ಟವಾಗಿ ಕಾಣುತ್ತಾರೆ. ಆದ್ದರಿಂದ 'ಕಳುಹಿಸಿಕೊಟ್ಟವರು' ಎಂಬ ಸಾಲು ತೆರೆಯಿರಿ. ಹೊರಡುವವರಿಗೆ ಪತ್ರವನ್ನು ಕೈಗೆ ಕೊಟ್ಟು ಬಿಡಬೇಡಿ, ಅದು ಟ್ರಂಕಿನ ತಳದಲ್ಲೇ ಉಳಿಯುತ್ತದೆ. ಅವರು ಇಳಿದುಕೊಳ್ಳುವ ಬಡಾವಣೆಗೆ ಹತ್ತಿರದ ಸಭೆಯ ಅಯ್ಯನವರಿಗೆ ನೀವೇ ಕಳುಹಿಸಿ, ಒಂದು ತಿಂಗಳಾದ ಮೇಲೆ 'ಬಂದರೇ?' ಎಂದು ಫೋನ್ ಮಾಡಿ. ಹತ್ತು ಜನ ಹೋದರೆ ಎಷ್ಟು ಜನ ಅಲ್ಲಿ ಸೇರಿಕೊಂಡರು ಎಂಬುದು ಹಳ್ಳಿ ಸಭೆಯ ಸೇವೆಗೆ ನೇರವಾದ ಅಳತೆ.

---

ಹಾಸನದ ಕಾರ್ಯದರ್ಶಿ

ತುಂಬ ಉಪಕಾರವಾಯಿತು. ಹೆಸರಿನ ಪಟ್ಟಿಯ ಬಗ್ಗೆ ಒಂದು ಅಳುಕು ಇದೆ. ಕಾರ್ಡುಗಳನ್ನು ಎಕ್ಸೆಲ್‌ಗೆ ಹಾಕಿ ಸಮಿತಿಯ ವಾಟ್ಸಾಪ್ ಗ್ರೂಪಿನಲ್ಲಿ ಹಂಚಬಹುದೇ? ಮತ್ತೆ ಹಣದ ಭಾಗವನ್ನು ಹೇಗೆ ತೋರಿಸಲಿ?

---

ಬೀದರ್ ದಾರಿ

ಗ್ರೂಪಿನಲ್ಲಿ ಖಂಡಿತ ಬೇಡ. ಪರಿಶಿಷ್ಟ ಜಾತಿಯ ಸವಲತ್ತು ಯಾರಿಗೆ ಎಂದು ಹೇಳುವ 1950ರ ಆದೇಶ ಹೆಚ್ಚಾಗಿ ಹಿಂದೂಗಳನ್ನೇ ಒಳಗೊಂಡಿತ್ತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಸೇರಲಿಲ್ಲ. ಆರಾಧನೆಗೆ ಬರುವ ದಲಿತ ಕುಟುಂಬಕ್ಕೆ ಮಗಳ ವಿದ್ಯಾರ್ಥಿವೇತನ, ಮಗನ ನೌಕರಿ, ಊರಿನ ಮಾತು ಎಲ್ಲವೂ ಆ ಒಂದು ಹೆಸರಿಗೆ ಅಂಟಿಕೊಂಡಿರುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಕ್ರೈಸ್ತರು ಶೇ 1.87, ಯಾವ ಊರಿನಲ್ಲೂ ಆ ಲೆಕ್ಕವೂ ಬೆಂಚಿನ ಲೆಕ್ಕವೂ ತಾಳೆಯಾಗಲೇಬೇಕೆಂದಿಲ್ಲ. ಸಭೆ ತನ್ನ ಅಂಕಿ ದೊಡ್ಡದು ಮಾಡಿಕೊಳ್ಳಲು ಅಂಥವರ ಹೆಸರು, ಫೋಟೋ, ತಮ್ಮ ನಂಬಿಕೆಯ ಸಾಕ್ಷಿ ಹೇಳುವ ವಿಡಿಯೋ ಹೊರಗೆ ಬಿಟ್ಟರೆ ಪೆಟ್ಟು ಬೀಳುವುದು ಅವರ ಮೇಲೆ. ಕಾರ್ಡುಗಳು ಕಾಗದದ ಮೇಲೇ ಇರಲಿ, ಭೇಟಿಗಾರರು ಮತ್ತು ಅಯ್ಯನವರ ಹತ್ತಿರ ಮಾತ್ರ. ವರದಿಗೆ ಹೋಗುವುದು ಮೊತ್ತ, ಹೆಸರಲ್ಲ.

ಇನ್ನೊಂದು ಮಾತು ಇಲ್ಲಿಯೇ ಹೇಳಬೇಕು. ಒಂದೇ ಬಗೆಯ ಜನರ ನಡುವೆ ಸಭೆ ಬೇಗ ಬೆಳೆಯುತ್ತದೆ ಎಂಬುದು ಮೆಕ್‌ಗವ್ರನ್ ಅವರ ಹೆಸರಾದ ವಾದ. ನಮ್ಮಲ್ಲಿ 'ಒಂದೇ ಬಗೆ' ಎಂದರೆ ಜಾತಿ. ಹಾಗೆ ಬೆಳೆದ ಸಭೆ ಎಷ್ಟೇ ದೊಡ್ಡದಾದರೂ ಕ್ರಿಸ್ತನ ಮೇಜು ಅದರಲ್ಲಿ ಅರ್ಧವೇ ಹಾಸಿರುತ್ತದೆ. ಬೆಳೆ ಹಬ್ಬದ ಊಟದ ದಿನ ಅಡುಗೆ ಯಾರು ಮಾಡಿದರು, ಪಾತ್ರೆ ಯಾರು ತೊಳೆದರು, ಒಂದೇ ಪಂಕ್ತಿಯಲ್ಲಿ ಯಾರು ಯಾರು ಕೂತರು ಎಂದು ಹಿರಿಯರೊಬ್ಬರು ನೋಡಿ ಬರೆಯಲಿ. ಸಮಿತಿಯ ಹನ್ನೆರಡು ಹೆಸರು ಎಷ್ಟು ಮನೆತನಗಳಿಂದ ಬಂದಿವೆ ಎಂಬುದನ್ನೂ.

ಹಣದ ಭಾಗ ಸುಲಭ. ಕ್ಯಾಶ್‌ಬುಕ್ಕಿನ ಪ್ರತಿ ಖರ್ಚಿನ ಪಕ್ಕ ಮೂರು ಬಣ್ಣದಲ್ಲಿ ಒಂದನ್ನು ಹಾಕಿ. ಕೆಂಪು: ಕಟ್ಟಡ, ಸೌಂಡ್, ಅಲಂಕಾರ, ಕರೆಂಟು. ನೀಲಿ: ಸಂಬಳ, ಮೇಲಧ್ಯಕ್ಷರ (ಬಿಷಪ್) ಕಚೇರಿಗೆ ಕಟ್ಟುವ ಪಾಲು. ಹಸಿರು: ಕಾಂಪೌಂಡಿನ ಆಚೆ ಹೋದದ್ದು, ರೋಗಿಗಳು, ಶಾಲಾ ಫೀಸು, ಜೈಲು ಭೇಟಿ, ಹಳ್ಳಿ ಉಪದೇಶಿಯ ಗೌರವಧನ. ಕ್ರಿಸ್ಮಸ್‌ನಲ್ಲಿ ನಮ್ಮವರಿಗೇ ಹಂಚಿದ ಸೀರೆ, ಕೇಕು ಹಸಿರಿಗೆ ಸೇರುವುದಿಲ್ಲ. ಇಲ್ಲಿಯೇ ಎಲ್ಲರೂ ಜಾರುತ್ತಾರೆ. ಮೂರರ ಶೇಕಡಾವಾರು ತೆಗೆದು, ಹಿಂದಿನ ಎರಡು ವರ್ಷದ್ದನ್ನೂ ಪಕ್ಕದಲ್ಲಿ ಬರೆಯಿರಿ.

ಎಲ್‌ಇಡಿ ಪರದೆಯ ಕೊಟೇಶನ್ ಬಂದಾಗ ಅದರ ಮೊತ್ತವನ್ನು ಹಸಿರು ಬಣ್ಣದ ವರ್ಷದ ಮೊತ್ತದ ಜೊತೆ ಅದೇ ಹಾಳೆಯಲ್ಲಿ ಬರೆದು ಸಭೆಯ ಮುಂದಿಡಿ. ವಾದ ಮಾಡಬೇಡಿ, ಎರಡನ್ನೂ ಗಟ್ಟಿಯಾಗಿ ಓದಿ.