ವಿಶ್ವವಿದ್ಯಾಲಯದವರನ್ನು ಊರಿಗೆ ಕರೆಯುವುದು ಹೇಗೆ? ಕರೆದು ಏನು ಕೇಳಬೇಕು?

ಅರಿವುಕೇಂದ್ರದ ಅಕ್ಕ:

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆ ಜಿಲ್ಲೆ ಜಗಳೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ ನೋಡಿಕೊಳ್ಳುತ್ತೇನೆ. ಹಳಬರ ಬಾಯಲ್ಲಿ ಅದು ಇನ್ನೂ ಊರ ಲೈಬ್ರರಿಯೇ. ಬೆಳಿಗ್ಗೆ ಪೇಪರ್ ಓದೋಕೆ ನಾಲ್ಕು ಜನ ಅಜ್ಜಂದಿರು ಬರುತ್ತಾರೆ, ಸಂಜೆ ಸ್ಕೂಲ್ ಮಕ್ಕಳು, ಮಧ್ಯಾಹ್ನ ನಾನು ಮತ್ತು ಫ್ಯಾನು.

ಮೂರು ವರ್ಷದ ಹಿಂದೆ ಒಂದು ಕಾಲೇಜಿನವರು ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಕ್ಯಾಂಪ್ ಹಾಕಿದ್ದರು. ಯಾವ ಕಾಲೇಜು ಅಂತ ಬೇಡ. ಏಳು ದಿನ ಇದ್ದರು. ಒಳ್ಳೆ ಮಕ್ಕಳು, ಸುಳ್ಳು ಹೇಳಬಾರದು. ದೇವಸ್ಥಾನದ ಮುಂದೆ ಗುಡಿಸಿದರು, ಚರಂಡಿ ಎತ್ತಿದರು, ರಸ್ತೆ ಬದಿಗೆ ಸಸಿ ನೆಟ್ಟರು. ಕೊನೇ ದಿನ ಡ್ಯಾನ್ಸು, ಶಾಲು, ಹಾರ, ಗ್ರೂಪ್ ಫೋಟೋ. ಸಸಿಗಳಲ್ಲಿ ಈಗ ಉಳಿದಿರುವುದು ಎರಡು, ಉಳಿದದ್ದೆಲ್ಲ ಮೇಕೆ ಪಾಲಾಯಿತು. ಅದಕ್ಕೂ ನನಗೆ ಬೇಜಾರಿಲ್ಲ. ಆದರೆ ಅದೇ ಕ್ಯಾಂಪಿನಲ್ಲಿ ಒಬ್ಬ ಮೇಷ್ಟ್ರು ನಮ್ಮ ಊರಿನ ಬೋರ್‌ವೆಲ್‌ಗಳ ನೀರನ್ನು ಬಾಟಲಿಗೆ ತುಂಬಿಸಿಕೊಂಡು ಹೋದರು. ಲ್ಯಾಬಿನಲ್ಲಿ ಟೆಸ್ಟ್ ಮಾಡಿ ರಿಪೋರ್ಟ್ ಕಳಿಸುತ್ತೇವೆ ಅಂದರು. ಇವತ್ತಿನವರೆಗೂ ಬಂದಿಲ್ಲ.

ನಮ್ಮ ಕಡೆ ನೀರಲ್ಲಿ ಫ್ಲೋರೈಡ್ ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಆದರೆ ನಮ್ಮ ಊರಿನ ಯಾವ ಬೋರಿನಲ್ಲಿ ಎಷ್ಟು ಅಂತ ನಮಗೆ ಯಾರಿಗೂ ಗೊತ್ತಿಲ್ಲ. ಸಂಜೆ ಬರುವ ಮಕ್ಕಳಲ್ಲಿ ಒಬ್ಬಳು ಹುಡುಗಿ ಇದ್ದಾಳೆ, ಆರನೇ ಕ್ಲಾಸು. ಕಥೆ ಪುಸ್ತಕ ಓದುತ್ತಾ ನಗು ಬಂದರೆ ಮೊದಲು ಕೈ ಬಾಯಿಗೆ ಹೋಗುತ್ತದೆ, ಆಮೇಲೆ ನಗುತ್ತಾಳೆ. ಹಲ್ಲಿನ ಮೇಲೆ ಕಂದು ಗೆರೆ ಇದೆಯಲ್ಲ, ಅದಕ್ಕೆ.

ನನ್ನ ಪ್ರಶ್ನೆ ಇಷ್ಟೇ. ನಮ್ಮದೇ ಜಿಲ್ಲೆಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯ ಇದೆ, ಪ್ರಯೋಗಾಲಯ ಇದೆ, ಓದುವ ಮಕ್ಕಳಿದ್ದಾರೆ. ಅವರೇ ಬರಲಿ ಅಂತ ಕಾಯದೆ, ನಮ್ಮಂಥವರು ಹೋಗಿ ಕೇಳಬಹುದಾ? ಯಾರನ್ನು ಕೇಳಬೇಕು? ಏನೇನು ಕೇಳಬಹುದು? ಭಿಕ್ಷೆ ಬೇಡಿದ ಹಾಗೆ ಆಗುತ್ತಾ?

ಸರ್ವೇ ಮಾಡಿದ ಹುಡುಗಿ:

ಅಕ್ಕಾ, ನಿಮ್ಮ ಪೋಸ್ಟ್ ಓದಿ ನನಗೆ ಕೈಕಾಲೇ ಆಡಲಿಲ್ಲ. ಯಾಕೆಂದರೆ ಆ ಬಾಟಲಿ ತಗೊಂಡು ಹೋದ ಗುಂಪಿನವಳೇ ನಾನೂ. ನಿಮ್ಮ ಊರಲ್ಲ, ನೀರೂ ಅಲ್ಲ. ನಾನು ತಗೊಂಡು ಹೋದದ್ದು ಉತ್ತರಗಳನ್ನು.

ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡುವಾಗ ಚಳ್ಳಕೆರೆ ಕಡೆ ಒಂದು ಹಟ್ಟಿಯಲ್ಲಿ ಮನೆಮನೆ ಸರ್ವೇ ಮಾಡಿದೆ. ಪ್ರಶ್ನಾವಳಿ ಆರು ಪುಟ. ಮನೆಯಲ್ಲಿ ಎಷ್ಟು ಜನ, ಎಷ್ಟು ಕುರಿ, ಸಾಲ ಎಷ್ಟು, ಶೌಚಾಲಯ ಇದೆಯಾ, ಬಳಸುತ್ತೀರಾ. ಒಬ್ಬ ಅಜ್ಜಿ ಕಡಲೆಕಾಯಿ ಸುಲಿಯುತ್ತಾ ಕೂತಿದ್ದಳು. ಎಲ್ಲದಕ್ಕೂ ಉತ್ತರ ಕೊಟ್ಟು, ಕೊನೆಗೆ ಒಂದು ಹಿಡಿ ಕಡಲೆಬೀಜ ನನ್ನ ಕೈಗೆ ಹಾಕಿ, 'ಹೋದ ವರ್ಷನೂ ನಿನ್ನಂಗೆ ಒಬ್ಬಳು ಬಂದು ಬರ್ಕೊಂಡು ಹೋದ್ಲು ಕಣವ್ವ, ಅದೇನಾತು?' ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಪ್ರಬಂಧ ಇಂಗ್ಲಿಷಿನಲ್ಲಿ ಬರೆದೆ, ಬೈಂಡ್ ಮಾಡಿಸಿದೆ, ಒಂದು ಪ್ರತಿ ಲೈಬ್ರರಿ ಕಪಾಟಿನಲ್ಲಿದೆ. ಆ ಹಟ್ಟಿಗೆ ನಾನು ಮತ್ತೆ ಹೋಗಿಲ್ಲ.

ಅದಕ್ಕೆ ನನ್ನ ಸಲಹೆ. ಯಾರೇ ಬರಲಿ, ಮೊದಲೇ ಕೇಳಿ: ನೀವು ಇಲ್ಲಿಂದ ತಗೊಂಡು ಹೋಗುವುದರಲ್ಲಿ ನಮಗೆ ಏನು ವಾಪಸ್ ಕೊಡುತ್ತೀರಿ, ಯಾವಾಗ ಕೊಡುತ್ತೀರಿ? ಕನ್ನಡದಲ್ಲಿ ಒಂದೇ ಒಂದು ಹಾಳೆ ಸಾಕು. ಅದನ್ನು ಗ್ರಾಮಸಭೆಯಲ್ಲಿ ಬಂದು ಓದಿ ಹೇಳಬೇಕು ಅನ್ನಿ. ಒಪ್ಪಿದರೆ ಚಾಪೆ ಹಾಕಿ, ಇಲ್ಲ ಅಂದರೆ ಟೀ ಕುಡಿಸಿ ಕಳಿಸಿ.

ಯಾರನ್ನು ಕೇಳಬೇಕು ಅಂದರೆ, ಸೀದಾ ಕುಲಪತಿಗೆ ಬರೆಯಬೇಡಿ. ಆ ಪತ್ರ ಕೆಳಗೆ ಇಳಿದು ಬರುವಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಸಂಬಂಧಪಟ್ಟ ವಿಭಾಗದ ಮುಖ್ಯಸ್ಥರಿಗೆ ಬರೆದು, ಕುಲಸಚಿವರಿಗೆ ಒಂದು ಪ್ರತಿ ಹಾಕಿ. ಎಂಎಸ್ಸಿ ಮಕ್ಕಳಿಗೆ ಪ್ರಾಜೆಕ್ಟ್ ಅಂತ ಇರುತ್ತದೆ, ವಿಷಯ ಸಿಗದೆ ಒದ್ದಾಡುತ್ತಿರುತ್ತಾರೆ. ನೀವು ಕೊಡುತ್ತಿರುವುದು ಭಿಕ್ಷೆಯ ತಟ್ಟೆ ಅಲ್ಲ ಅಕ್ಕಾ, ಅವರಿಗೆ ಬೇಕಾದ ವಿಷಯ.

ಲ್ಯಾಬ್ ಮೇಷ್ಟ್ರು:

ನಾನು ಕೆಮಿಸ್ಟ್ರಿ ಪಾಠ ಮಾಡುವವನು. ನೀರಿನ ಬಗ್ಗೆ ಮಾತ್ರ ಹೇಳುತ್ತೇನೆ, ಉಳಿದದ್ದು ನನಗೆ ಬಾರದು.

ಫ್ಲೋರೈಡ್ ಒಂದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ರವರೆಗೆ ಪರವಾಗಿಲ್ಲ ಅಂತ ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಹೇಳುತ್ತದೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ಹಲ್ಲು ಬೆಳೆಯುವ ವಯಸ್ಸಿನಲ್ಲಿ ವರ್ಷಗಟ್ಟಲೆ ಕುಡಿದರೆ ಆ ಹುಡುಗಿಯ ಹಾಗೆ ಗೆರೆ ಬೀಳುತ್ತದೆ, ಇನ್ನೂ ಹೆಚ್ಚಾದರೆ ಮೂಳೆಗೆ ಇಳಿಯುತ್ತದೆ. ಕುದಿಸಿದರೆ ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾಗುತ್ತದೆ, ಫ್ಲೋರೈಡ್ ಅಷ್ಟೇ ಉಳಿಯುತ್ತದೆ, ಅಂದರೆ ಇನ್ನೂ ಗಟ್ಟಿಯಾಗುತ್ತದೆ.

ನೀವು ಸ್ಯಾಂಪಲ್ ತಗೊಳ್ಳುವುದಾದರೆ ಪ್ಲಾಸ್ಟಿಕ್ ಬಾಟಲಿ ತಗೊಳ್ಳಿ, ಗಾಜು ಬೇಡ. ಫ್ಲೋರೈಡಿಗೂ ಗಾಜಿಗೂ ಆಗಿಬರುವುದಿಲ್ಲ. ಮೋಟರ್ ಹಾಕಿ ಐದು ನಿಮಿಷ ನೀರು ಹರಿಯಲು ಬಿಡಿ, ಪೈಪಿನಲ್ಲಿ ನಿಂತ ನೀರು ಹೋಗಲಿ. ಅದೇ ನೀರಿನಲ್ಲಿ ಬಾಟಲಿ ಮೂರು ಸಲ ಗಲಬರಿಸಿ, ಆಮೇಲೆ ತುಂಬಿ. ಮೇಲೆ ಚೀಟಿ ಅಂಟಿಸಿ: ಯಾವ ಬೋರು, ಎಷ್ಟು ಅಡಿ, ಯಾವ ದಿನ. ಈ ಚೀಟಿ ಇಲ್ಲದೆ ಬಂದ ಬಾಟಲಿಯನ್ನು ಟೆಸ್ಟ್ ಮಾಡಿದರೂ ದಂಡ. ಒಂದು ಸಲ ಬೇಸಿಗೆಯಲ್ಲಿ, ಒಂದು ಸಲ ಮಳೆಗಾಲ ಮುಗಿದ ಮೇಲೆ ಮಾಡಿಸಿ, ಎರಡೂ ಒಂದೇ ಇರುವುದಿಲ್ಲ.

ಇನ್ನೊಂದು. ಮನೆಮನೆಗೆ ನಲ್ಲಿ ನೀರು ಕೊಡುವ ಕೇಂದ್ರದ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಊರಿನ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕು ಅಂತ ಇದೆ. ನಿಮ್ಮ ಪಂಚಾಯಿತಿಯ ಬೀರುವಿನಲ್ಲಿ ಆ ಕಿಟ್ ಇದೆಯಾ ಅಂತ ಪಿಡಿಒ ಅವರನ್ನು ಕೇಳಿ ನೋಡಿ. ಅದು ಬಣ್ಣ ನೋಡಿ ಅಂದಾಜು ಹೇಳುವಂಥದ್ದು, ಸರಿಯಾದ ಅಂಕಿಗೆ ಲ್ಯಾಬೇ ಬೇಕು. ಆದರೆ ನೀವು ಕಿಟ್‌ನಲ್ಲಿ ನೋಡಿ, 'ಈ ಮೂರು ಬೋರು ಅನುಮಾನ ಇದೆ' ಅಂತ ಹೋದರೆ ಲ್ಯಾಬಿನವರು ನಿಮ್ಮನ್ನು ಕೂರಿಸಿ ಮಾತಾಡಿಸುತ್ತಾರೆ. ಅದು ಮನುಷ್ಯ ಸ್ವಭಾವ.

ಭಟ್ಟಿ ಮನೆ ಹುಡುಗ:

ಸಮುದಾಯ ಅಂದ ತಕ್ಷಣ ಎಲ್ಲರೂ ಹಳ್ಳಿ ಕಡೆಗೇ ಓಡುತ್ತಾರೆ ಯಾಕೆ? ದಾವಣಗೆರೆ ಊರೊಳಗೆ ನಾವು ಮನುಷ್ಯರಲ್ವಾ?

ನಮ್ಮದು ಮಂಡಕ್ಕಿ ಭಟ್ಟಿ. ಬೆಣ್ಣೆ ದೋಸೆಗೆ ಸಿಕ್ಕಷ್ಟು ಹೆಸರು ನಮಗೆ ಸಿಕ್ಕಿಲ್ಲ, ಆದರೆ ಸಂಜೆ ಮಂಡಕ್ಕಿ ಮೆಣಸಿನಕಾಯಿ ಇಲ್ಲದೆ ಈ ಊರು ಮಲಗುವುದಿಲ್ಲ. ನಮ್ಮಲ್ಲಿಗೂ ಆಗಾಗ ಓದಿದವರು ಬರುತ್ತಾರೆ. ಒಂದು ತಂಡ ಬಂದು, ಹೊಗೆ ಕೆಟ್ಟದ್ದು, ಗ್ಯಾಸಿಗೆ ಬದಲಾಯಿಸಿ ಅಂತ ಭಾಷಣ ಮಾಡಿ ಹೋಯಿತು. ಹೊಗೆ ಕೆಟ್ಟದ್ದು ಅಂತ ನಮ್ಮಪ್ಪನ ಕೆಮ್ಮು ಕೇಳಿ ಬೆಳೆದ ನನಗೆ ಗೊತ್ತಿಲ್ಲವಾ? ಗ್ಯಾಸಿನ ದುಡ್ಡು ಯಾರು ಕೊಡುತ್ತಾರೆ, ಚೀಲಕ್ಕೆ ಎಷ್ಟು ಜಾಸ್ತಿ ಬೀಳುತ್ತದೆ, ಅದನ್ನು ಕೇಳಿದರೆ ಮುಖ ಮುಖ ನೋಡಿಕೊಂಡರು.

ಆಮೇಲೆ ಒಬ್ಬ ಹುಡುಗ ಬಂದ, ಇಂಜಿನಿಯರಿಂಗ್ ಓದುತ್ತಿದ್ದ. ಅವನು ಭಾಷಣ ಮಾಡಲಿಲ್ಲ. ಬೆಳಗಿನ ಜಾವ ಒಲೆ ಹಚ್ಚುವ ಹೊತ್ತಿಗೇ ಬಂದು ಮೂಲೆಯಲ್ಲಿ ಕೂತ. ಉಪ್ಪುನೀರು ಹಾಕಿದ ಅಕ್ಕಿ ಕಾದ ಮರಳಿಗೆ ಬಿದ್ದು ಚಟಪಟ ಅರಳುವುದನ್ನು ಬಾಯಿ ತೆರೆದು ನೋಡಿದ, ಮೊದಲ ಸಲ ಅನ್ನಿಸುತ್ತೆ. ನಾಲ್ಕು ದಿನ ಬಂದ. ಐದನೇ ದಿನ ಒಲೆಯ ಹಿಂಭಾಗಕ್ಕೆ ಕೈ ಹಿಡಿದು, 'ಅಣ್ಣಾ, ನಿಮ್ಮ ಶಾಖ ಅರ್ಧ ಇಲ್ಲೇ ಸೋರುತ್ತಿದೆ' ಅಂದ. ಬಿರುಕು ಬಿಟ್ಟಿತ್ತು. ಮಣ್ಣು ಮೆತ್ತಿದೆವು, ಬಾಯಿ ಸ್ವಲ್ಪ ಚಿಕ್ಕದು ಮಾಡಿದೆವು. ಹೊಟ್ಟು ಸುಡುವುದು ಕಣ್ಣಿಗೆ ಕಾಣುವಷ್ಟು ಕಡಿಮೆ ಆಯಿತು. ಅರ್ಧ ಅಂದದ್ದು ಸ್ವಲ್ಪ ಜಾಸ್ತಿಯೇ ಆಯಿತು, ಇರಲಿ, ಇಂಜಿನಿಯರ್ ಅಲ್ವಾ.

ಅದಕ್ಕೆ ಅಕ್ಕಾ, ಐವತ್ತು ಜನ ಏಳು ದಿನ ಬರುವುದಕ್ಕಿಂತ ಒಬ್ಬನೇ ಐವತ್ತು ದಿನ ಬರಲಿ ಅಂತ ಕೇಳಿ.

ಮುಸುಕಿನ ಜೋಳ:

ಸುಮ್ನೆ ಒಂದು ಮಾತು ಸೇರಿಸುತ್ತೇನೆ. ಎಲ್ಲರನ್ನೂ ಬೈಯುವುದು ಬೇಡ. 2018ರಲ್ಲಿ ಮೆಕ್ಕೆಜೋಳದ ಸುಳಿ ತಿನ್ನುವ ಹೊಸ ಸೈನಿಕ ಹುಳು ಬಂತಲ್ಲ, ಅದು ಭಾರತಕ್ಕೆ ಬಂದಿದೆ ಅಂತ ಮೊದಲು ಗುರುತಿಸಿದ್ದು ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದವರು. ಹೊಲದಲ್ಲಿ ಓಡಾಡಿದ್ದಕ್ಕೇ ಸಿಕ್ಕಿದ್ದು, ಆಫೀಸಿನಲ್ಲಿ ಕೂತಿದ್ದರೆ ಸಿಗುತ್ತಿತ್ತಾ? ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ ಇದೆ, ಚಿತ್ರದುರ್ಗದವರಿಗೆ ಹಿರಿಯೂರಿನ ಬಬ್ಬೂರು ಫಾರಂ. ಬೆಳೆ ವಿಷಯಕ್ಕೆ ಅಲ್ಲಿಗೆ ಹೋಗಿ. ರೋಗ ಬಂದ ಗಿಡವನ್ನು ಬೇರು ಸಮೇತ ಕಿತ್ತುಕೊಂಡು ಹೋಗಿ, ಬಾಯಲ್ಲಿ ವಿವರಿಸಿದರೆ ಅವರಿಗೂ ತಿಳಿಯಲ್ಲ.

ದುರ್ಗದ ರಿಟೈರ್ಡ್ ಮೇಷ್ಟ್ರು:

ತಡವಾಗಿ ಬಂದೆ, ಉದ್ದ ಬರೆಯುತ್ತೇನೆ, ಕ್ಷಮಿಸಿ. ವಯಸ್ಸಾದವರ ಚಾಳಿ.

ತಾಯಿ, ಇದು ಹೊಸ ಮಾತಲ್ಲ. 1916ರಲ್ಲಿ ಶುರುವಾದ ಮೈಸೂರು ವಿಶ್ವವಿದ್ಯಾಲಯ ಮುಂದೆ ಪ್ರಚಾರೋಪನ್ಯಾಸ ಅಂತ ನಡೆಸುತ್ತಿತ್ತು. ಪ್ರೊಫೆಸರುಗಳು ಊರೂರಿಗೆ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ ಎಲ್ಲವನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಅದೇ ಆಮೇಲೆ ಅಗ್ಗದ ಪುಟ್ಟ ಪುಸ್ತಕವಾಗಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅಂಥ ನಾಲ್ಕೈದು ಇದ್ದವು, ಗೆದ್ದಲು ತಿಂದಿತು. ದಾವಣಗೆರೆಗೆ ಸ್ನಾತಕೋತ್ತರ ಕೇಂದ್ರ ಬಂದದ್ದು 1979ರಲ್ಲಿ, ಅದೂ ಮೈಸೂರಿನದೇ. ಆಮೇಲೆ ಕುವೆಂಪು ವಿಶ್ವವಿದ್ಯಾಲಯದ ಕೈಕೆಳಗೆ ಹೋಯಿತು, 2009ರಲ್ಲಿ ತೋಳಹುಣಸೆಯಲ್ಲಿ ಸ್ವಂತ ದಾವಣಗೆರೆ ವಿಶ್ವವಿದ್ಯಾಲಯವೇ ಆಯಿತು. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗೆ ಅದು. ನಮ್ಮ ದುರ್ಗದ ಹತ್ತಿರ ಗುಡ್ಡದ ರಂಗವ್ವನಹಳ್ಳಿಯಲ್ಲೂ ಅದರ ಕೇಂದ್ರ ಇದೆ. ನಮ್ಮ ಕಾಲದಲ್ಲಿ ಎಂಎ ಓದಲು ಮೈಸೂರಿಗೋ ಧಾರವಾಡಕ್ಕೋ ಟ್ರಂಕು ಹೊತ್ತು ಹೋಗಬೇಕಿತ್ತು. ಈಗ ಹಟ್ಟಿಯ ಹೆಣ್ಣುಮಗಳು ಬೆಳಿಗ್ಗೆ ಬಸ್ಸು ಹತ್ತಿ ಹೋಗಿ ಸಂಜೆ ಮನೆಗೆ ಬರುತ್ತಾಳೆ. ನನ್ನ ಕೇಳಿದರೆ ಊರಿಗೆ ಆಗಿರುವ ಅತಿ ದೊಡ್ಡ ಉಪಕಾರ ಅದೇ.

ಆದರೆ ಒಂದು ಮಾತು ಯಾರೂ ಹೇಳಲಿಲ್ಲ. ವಿಶ್ವವಿದ್ಯಾಲಯ ಊರಿಗೆ ಬರಬೇಕು ಅಂತಲೇ ಎಲ್ಲರೂ ಬರೆದಿದ್ದೀರಿ. ಊರು ವಿಶ್ವವಿದ್ಯಾಲಯಕ್ಕೆ ಹೋಗಬಾರದಾ? ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಜನಪದ ಹಾಡುಗಾರ್ತಿ ಸಿರಿಯಜ್ಜಿ ಓದು ಬರಹ ಕಲಿತವರಲ್ಲ. ಅವರ ಹಾಡು ಬರೆದುಕೊಳ್ಳಲು ದೊಡ್ಡ ದೊಡ್ಡ ವಿದ್ವಾಂಸರು ಅವರ ಅಂಗಳಕ್ಕೆ ಬಂದು ಕೂತರು. ಯಾರು ಯಾರಿಗೆ ಗುರು ಇಲ್ಲಿ? ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವವರು ಇದ್ದಾರೆ, ಆ ಸೀರೆಗೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಸಿಕ್ಕಿದೆ. ಕಂಬಳಿ ನೇಯುವವರಿದ್ದಾರೆ. 1964ರಿಂದ ದಾವಣಗೆರೆಯಲ್ಲಿ ದೃಶ್ಯಕಲಾ ಕಾಲೇಜಿದೆ, ಈಗ ವಿಶ್ವವಿದ್ಯಾಲಯದ್ದೇ. ಆ ನೇಕಾರರನ್ನು ಅಲ್ಲಿಗೆ ಕರೆಸಿ, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಸಂಭಾವನೆ ಕೊಟ್ಟು, ಒಂದು ವಾರ ಮಗ್ಗದ ಪಾಠ ಮಾಡಿಸಲಿ. ಶಾಲು ಹೊದಿಸಿ ಕಳಿಸುವುದಲ್ಲ, ಸಂಭಾವನೆ.

ಏನೇನು ಕೇಳಬಹುದು ಅಂದಿರಿ, ಅದಕ್ಕೆ ನಿಯಮವೂ ಇದೆ. ಎನ್ನೆಸ್ಸೆಸ್ 1969ರಿಂದ ಇದೆ, ಸ್ವಯಂಸೇವಕರು ವರ್ಷಕ್ಕೆ 120 ಗಂಟೆ ಕೆಲಸ ಮಾಡಬೇಕು. ಏಳು ದಿನದ ಕ್ಯಾಂಪು ಅದರ ಜೊತೆಗೆ ಬೇರೆ. ಕಾಲೇಜುಗಳನ್ನು ಹಳ್ಳಿಗಳ ಜೊತೆ ಜೋಡಿಸುವ ಕೇಂದ್ರದ ಉನ್ನತ ಭಾರತ ಅಭಿಯಾನಕ್ಕೆ ಸೇರಿದ ಸಂಸ್ಥೆ ಕನಿಷ್ಠ 5 ಹಳ್ಳಿ ದತ್ತು ತಗೊಳ್ಳಬೇಕು. ನಿಮ್ಮ ಊರು ಯಾರದ್ದಾದರೂ ಪಟ್ಟಿಯಲ್ಲಿದೆಯಾ ಅಂತ ಮೊದಲು ನೋಡಿ. ಎಷ್ಟೋ ಊರಿಗೆ ತಾನು ದತ್ತು ಹೋಗಿರುವುದೇ ಗೊತ್ತಿರುವುದಿಲ್ಲ!

ಸರ್ವೇ ಮಾಡಿದ ಹುಡುಗಿ:

ಮೇಷ್ಟ್ರೇ, ಕೊನೇ ಸಾಲು ಓದಿ ನಕ್ಕೆ, ಆಮೇಲೆ ನಗು ನಿಂತಿತು. ನಾನು ಈ ಭಾನುವಾರ ಆ ಹಟ್ಟಿಗೆ ಹೋಗುತ್ತಿದ್ದೇನೆ. ನಾನು ಬರೆದ ಪ್ರಬಂಧವನ್ನು ಎರಡು ಪುಟಕ್ಕೆ ಇಳಿಸಿ ಕನ್ನಡ ಮಾಡಿದ್ದೇನೆ. ಅಜ್ಜಿ ಇದ್ದಾಳೋ ಇಲ್ಲವೋ.

ಅರಿವುಕೇಂದ್ರದ ಅಕ್ಕ:

ಎಲ್ಲರಿಗೂ ತುಂಬಾ ಧನ್ಯವಾದ. ಕಿಟ್ ಪಂಚಾಯಿತಿ ಬೀರುವಿನಲ್ಲೇ ಇತ್ತು, ಪ್ಯಾಕೆಟ್ ಒಡೆದಿರಲಿಲ್ಲ. ನೋಡಿದರೆ ಔಷಧಿಯ ಅವಧಿ ಮುಗಿದಿದೆ. ಹೊಸದು ತರಿಸಲು ಪಿಡಿಒ ಸರ್ ಬರೆದಿದ್ದಾರೆ. ಅಷ್ಟರಲ್ಲಿ ಲ್ಯಾಬ್ ಮೇಷ್ಟ್ರು ಹೇಳಿದ ಹಾಗೆ ನಾಲ್ಕು ಬೋರಿನ ನೀರು ತುಂಬಿಸಿ ಚೀಟಿ ಅಂಟಿಸಿದ್ದೇನೆ. ಚೀಟಿ ಬರೆದದ್ದು ಆ ಆರನೇ ಕ್ಲಾಸಿನ ಹುಡುಗಿ, ನನಗಿಂತ ಅವಳ ಅಕ್ಷರ ಚೆನ್ನಾಗಿದೆ.

ಪತ್ರ ಹೀಗೆ ಬರೆದಿದ್ದೇನೆ, ತಪ್ಪಿದ್ದರೆ ಹೇಳಿ: 'ಮಾನ್ಯರೇ, ನಮ್ಮ ಊರಿನ ನಾಲ್ಕು ಬೋರ್‌ವೆಲ್ ನೀರನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದ ನಂತರ ಒಮ್ಮೆ ಪರೀಕ್ಷೆ ಮಾಡಿ ಫಲಿತಾಂಶವನ್ನು ಕನ್ನಡದಲ್ಲಿ ಕೊಡಬೇಕಾಗಿ ವಿನಂತಿ. ನಿಮ್ಮ ವಿದ್ಯಾರ್ಥಿಗಳು ಬಂದರೆ ಊಟ, ವಸತಿ ನಮ್ಮದು. ಫಲಿತಾಂಶವನ್ನು ಅವರೇ ಗ್ರಾಮಸಭೆಯಲ್ಲಿ ಓದಿ ಹೇಳಬೇಕು.'

ಲ್ಯಾಬ್ ಮೇಷ್ಟ್ರು:

ಚೆನ್ನಾಗಿದೆ. 'ಯಾವ ತಾರೀಖಿನೊಳಗೆ' ಅಂತ ಒಂದು ಸೇರಿಸಿ. ಮತ್ತೆ ನಿಮ್ಮ ಫೋನ್ ನಂಬರ್ ಪತ್ರದಲ್ಲಿ ಹಾಕಿ, ಇಲ್ಲಿ ಹಾಕಬೇಡಿ.

ಅರಿವುಕೇಂದ್ರದ ಅಕ್ಕ:

ಆಯ್ತು ಸರ್. ಅಂಚೆಗೆ ಹಾಕುವುದಿಲ್ಲ, ಸೋಮವಾರ ನಾನೇ ಬಾಟಲಿ ಹಿಡಿದುಕೊಂಡು ಹೋಗುತ್ತೇನೆ. ತೋಳಹುಣಸೆಯಲ್ಲಿ ಬಸ್ ಇಳಿದ ಮೇಲೆ ಒಳಗೆ ಎಷ್ಟು ದೂರ ನಡೆಯಬೇಕು, ಆಟೋ ಸಿಗುತ್ತಾ? ನಾಲ್ಕು ಬಾಟಲಿ ಭಾರ ಇದೆ.