ಪದ ಬೇಕು: ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಪೀಠೋಪಕರಣ

ಗೆಳೆಯರೆ, ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಚಳವಳಿಗೆ ಸೇರಿದ ಅಮೆರಿಕದ ಪೀಠೋಪಕರಣ ತಯಾರಕ ಗುಸ್ತಾವ್ ಸ್ಟಿಕ್ಲಿ ಮಾಡಿಸಿದ ಪುಸ್ತಕದ ಕಪಾಟಿನ ಚಿತ್ರಕ್ಕೆ ಅಡಿಬರಹ ಬರೆಯುತ್ತಿದ್ದೇನೆ. ನಾಳೆ ಸಂಜೆ ಪುಟ ಅಚ್ಚಿಗೆ ಹೋಗುತ್ತದೆ. 'ಕಲೆ ಮತ್ತು ಕರಕುಶಲ ಪೀಠೋಪಕರಣ' ಅಂದರೆ ಎಂಪೋರಿಯಂ ಬೋರ್ಡ್ ಓದಿದ ಹಾಗಾಗುತ್ತದೆ. ಬೇರೆ ಪದ ಇದೆಯಾ? ಇನ್ನೊಂದು, ಫ್ಯೂಮ್ಡ್ ಓಕ್‌ಗೆ 'ಹೊಗೆ ಹಾಕಿದ ಓಕ್' ಆಗುತ್ತಾ?

—

ಕರಕುಶಲವೂ ಬೇಡ, ಪೀಠೋಪಕರಣವೂ ಬೇಡ. 'ಬಡಗಿಗೆಲಸ' ಅನ್ನಿ. ಅಚ್ಚಗನ್ನಡ. ಇದರಲ್ಲಿ ಚರ್ಚೆಗೆ ಏನಿದೆ?

—

ಬಡಗಿ ಅಚ್ಚಗನ್ನಡ ಅಲ್ಲ ಸ್ವಾಮಿ, ವರ್ಧಕಿಯ ತದ್ಭವ. ಅದಿರಲಿ, ಬಡಗಿಗೆಲಸ ಅಂದರೆ ಹೆಸರಿನ ಅರ್ಧವೇ ಹೋಯಿತು. 1887ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನ ಸಂಘ ಕಟ್ಟುವಾಗ 'ಆರ್ಟ್ಸ್ ಅಂಡ್ ಕ್ರಾಫ್ಟ್ಸ್' ಅನ್ನೋ ಈ ಹೆಸರು ಸೂಚಿಸಿದವರು ಕಾಬ್ಡೆನ್-ಸ್ಯಾಂಡರ್ಸನ್. ಅವರದು ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು. ಚಿತ್ರ ಬರೆಯುವವರಿಗೆ ಇರುವ ಮರ್ಯಾದೆ ಕುರ್ಚಿ ಮಾಡುವವರಿಗೂ ಸಿಗಬೇಕು ಅನ್ನೋದೇ ಆ ಸಂಘದವರ ಹಟ. ಹಾಗಾಗಿ ಎರಡು ಪದವೂ ಒಂದೇ ಪಂಕ್ತಿಯಲ್ಲಿ ಕೂರಬೇಕು. 'ಕಲೆ-ಕಸುಬು ಚಳವಳಿ' ಅನ್ನಿ. ಕರಕುಶಲ ಅಂದ ಕೂಡಲೇ ಶೋಕೇಸಿನ ಗೊಂಬೆ ಕಣ್ಮುಂದೆ ಬರುತ್ತದೆ. ಕಸುಬಿನಲ್ಲಿ ಹೊಟ್ಟೆಪಾಡೂ ಇದೆ. ಅರ್ನೆಸ್ಟ್ ಗಿಮ್ಸನ್ ಮತ್ತು ಬಾರ್ನ್ಸ್ಲಿ ಸೋದರರು ಕಟ್ಟಡ ವಿನ್ಯಾಸ ಕಲಿತವರು. 1893ರಲ್ಲಿ ಲಂಡನ್ ಬಿಟ್ಟು ಕಾಟ್ಸ್‌ವೋಲ್ಡ್ಸ್‌ನ ಹಳ್ಳಿಗೆ ಹೋಗಿ ಮರಗೆಲಸಕ್ಕೆ ಕೈಹಾಕಿದರು. ಅದು ಕಸುಬು ಅಲ್ವಾ?

'ಹೊಗೆ' ಖಂಡಿತ ತಪ್ಪು. ಅಲ್ಲಿ ಬೆಂಕಿಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಮರದ ಜೊತೆ ಅಮೋನಿಯಾ ಇಡುತ್ತಾರೆ. ಅದರ ಆವಿ ಓಕ್‌ನಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶದ ಜೊತೆ ಸೇರಿ ಮರ ಕಂದುಬಣ್ಣಕ್ಕೆ ತಿರುಗುತ್ತದೆ. ಮೇಲೆ ಬಳಿದ ಬಣ್ಣ ಅಲ್ಲ, ಮರಕ್ಕೇ ಇಳಿದ ಬಣ್ಣ. ಎಣ್ಣೆ ಕುಡಿಸಿದ ಮರ ಅನ್ನಲ್ವಾ? ಹಾಗೇ 'ಆವಿ ಕುಡಿಸಿದ ಓಕ್' ಅನ್ನಿ.

—

ಕಸುಬು ಅರಬ್ಬಿ. ಒಪ್ಪಲ್ಲ. ಸುಮ್ನೆ ಸಾಲ ಯಾಕೆ?

—

ಕುರ್ಚಿಯೂ ಅರಬ್ಬಿಯಿಂದಲೇ ಬಂತು. ಮೇಜು ಪಾರಸಿ, ಅಲಮಾರು ಪೋರ್ಚುಗೀಸ್. ಕೂತು, ಉಂಡು, ಬಟ್ಟೆ ಇಟ್ಟು ಇಷ್ಟು ಕಾಲ ಬಾಳಿದ ಪದಗಳು ನಮ್ಮವೇ. ಅವನ್ನು ಸಾಲ ಅನ್ನೋದು ನನಗೆ ಸರಿ ಕಾಣಲ್ಲ. ಕಸುಬು ಎಂದರೆ ಕೇಳಿದವರಿಗೆ ತಕ್ಷಣ ತಿಳಿಯುತ್ತದೆ, ನನಗೆ ಅಷ್ಟು ಸಾಕು.

—

'ಕಲೆ-ಕಸುಬು', 'ಆವಿ ಕುಡಿಸಿದ ಓಕ್' ಎರಡನ್ನೂ ತೆಗೆದುಕೊಂಡೆ, ತುಂಬಾ ಉಪಕಾರವಾಯಿತು. ಒಂದು ಉಳಿದಿದೆ. ಕಪಾಟಿನ ಅಡ್ಡಹಲಗೆಯ ತುದಿ ಪಕ್ಕದ ಹಲಗೆಯನ್ನು ತೂರಿ ಎರಡು ಬೆರಳಿನಷ್ಟು ಆಚೆ ಬಂದಿದೆ. ಅದರಲ್ಲೇ ತೂತು ಕೊರೆದು ಬೆಣೆ ಹೊಡೆದಿದ್ದಾರೆ. ಬೆಣೆ ಗೊತ್ತು. ಆಚೆ ಬಂದ ಆ ತುದಿಗೆ ನಿಮ್ಮೂರ ಬಡಗಿಗಳು ಏನಂತಾರೆ? ಬೆಳಗ್ಗೆಯೊಳಗೆ ತಿಳಿಸಿ.